ಪರವಾನಿಗೆ ಕೊಟ್ಟವರೇ ಗುರುತು ಕೇಳುವುದೇಕೆ?

ಟ್ಯಾಕ್ಸಿ ಚಾಲಕನಿಗೆ ಸರಕಾರವೋ ಸ್ಥಳೀಯ ಆಡಳಿತವೋ ಕೊಡುವ ಪರಿಹಾರ ಧನವನ್ನು ಆಳುವವರು ಈಗಲೂ ಭಿಕ್ಷೆಯ ತಟ್ಟೆಯಲ್ಲಿಟ್ಟೇ ನೋಡುತ್ತಾರೆ. ಕೊಟ್ಟರೆ ಅದು ಅವರ ಔದಾರ್ಯ, ಕೊಡದಿದ್ದರೆ ಚಾಲಕನ ದುರದೃಷ್ಟ. ಕೊಟ್ಟದ್ದು ತಲುಪದಿದ್ದರೆ ಅದು ದಾಖಲೆ ಸರಿಯಿಟ್ಟುಕೊಳ್ಳದ ಚಾಲಕನದೇ ತಪ್ಪು. ಕೊರೋನಾದ ಎರಡು ವರ್ಷಗಳಲ್ಲಿ ಈ ಮನೋಭಾವ ಎಷ್ಟು ಕುಟುಂಬಗಳ ಒಲೆಯನ್ನು ಆರಿಸಿತೆಂಬುದನ್ನು ಈಗ ಯಾರೂ ನೆನಪಿಸಿಕೊಳ್ಳಲು ಬಯಸುವುದಿಲ್ಲ. ಆದರೆ ನೆನಪಿಸಲೇಬೇಕಾಗಿದೆ. ಏಕೆಂದರೆ ಆಪತ್ತು ಒಮ್ಮೆ ಬಂದು ಹೋಗುವ ಅತಿಥಿಯಲ್ಲ. ಅದು ಮತ್ತೊಂದು ರೂಪದಲ್ಲಿ ಬಂದಾಗ ಇದೇ ಅರ್ಜಿ, ಇದೇ ಸರದಿ ಸಾಲು, ಇದೇ ತಿರಸ್ಕಾರ ಮರುಕಳಿಸಬಾರದೆಂದಿದ್ದರೆ ಹಳೆಯ ಲೆಕ್ಕವನ್ನು ಒಮ್ಮೆ ತೆರೆದು ನೋಡುವುದು ಅನಿವಾರ್ಯ.

ಈ ಲೆಕ್ಕವನ್ನು ನಾವು ಬ್ರಿಟನ್ನಿನಿಂದ ಆರಂಭಿಸುತ್ತೇವೆ. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಬ್ರಾಡ್‌ಫೋರ್ಡ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ನಂತಹ ನಗರಗಳಲ್ಲಿ ಟ್ಯಾಕ್ಸಿಯ ಸ್ಟಿಯರಿಂಗ್ ಹಿಡಿದಿರುವವರಲ್ಲಿ ನಮ್ಮ ಉಪಖಂಡದಿಂದ ವಲಸೆ ಹೋದ ಮುಸ್ಲಿಮ್ ಕುಟುಂಬಗಳವರ ಪಾಲು ಬಹಳ ದೊಡ್ಡದು. ಗಿರಣಿಗಳು ಮುಚ್ಚಿದ ಮೇಲೆ ಅವರಲ್ಲಿ ಅನೇಕರಿಗೆ ಉಳಿದ ದಾರಿ ಇದೊಂದೇ ಆಗಿತ್ತು. ಎರಡನೆಯದಾಗಿ, ಅಲ್ಲಿ ಟ್ಯಾಕ್ಸಿಗೆ ಪರವಾನಿಗೆ ಕೊಡುವುದು ನಮ್ಮಲ್ಲಿಯಂತೆ ಸಾರಿಗೆ ಇಲಾಖೆಯಲ್ಲ; ಲಂಡನ್ನಿನ ಹೊರಗೆ ಆ ಅಧಿಕಾರವಿರುವುದು ಸ್ಥಳೀಯ ಕೌನ್ಸಿಲ್‌ಗೆ, ಅಂದರೆ ನಮ್ಮ ನಗರಸಭೆಯಂತಹ ಸಂಸ್ಥೆಗೆ. ಪರವಾನಿಗೆ ಕೊಡುವ ಕೈ ಮತ್ತು ಪರಿಹಾರ ಹಂಚುವ ಕೈ ಎರಡೂ ಒಂದೇ ಆಗಿದ್ದ ಕಡೆಯಲ್ಲೂ ಚಾಲಕನಿಗೆ ನ್ಯಾಯ ದೊರೆಯದಿದ್ದರೆ ದೋಷ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಆ ಕೌನ್ಸಿಲ್‌ಗೆ ತನ್ನ ಚಾಲಕನ ಬಗ್ಗೆ ಏನೆಲ್ಲ ತಿಳಿದಿರುತ್ತದೆ ಎಂಬುದನ್ನು ಗಮನಿಸಿರಿ. ಅವನ ಹೆಸರು, ವಿಳಾಸ, ವೈದ್ಯಕೀಯ ತಪಾಸಣೆಯ ವರದಿ, ಅಪರಾಧ ಹಿನ್ನೆಲೆ ಇದೆಯೇ ಇಲ್ಲವೇ ಎಂಬ ಪ್ರಮಾಣಪತ್ರ, ವಾಹನದ ತಪಾಸಣೆಯ ದಿನಾಂಕ, ವಿಮೆಯ ವಿವರ, ಎಲ್ಲವೂ ಕೌನ್ಸಿಲ್‌ನ ಕಡತದಲ್ಲಿದೆ. ಇವುಗಳಿಗೆ ಚಾಲಕ ಶುಲ್ಕವನ್ನೂ ತೆತ್ತಿರುತ್ತಾನೆ. ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸಬಹುದಾದ ಟ್ಯಾಕ್ಸಿಯಾದರೆ ಅದರ ದರವನ್ನು ನಿಗದಿಪಡಿಸುವುದೂ ಕೌನ್ಸಿಲೇ. ಇಷ್ಟು ಬಿಗಿಯಾಗಿ ಆಡಳಿತದ ಕಣ್ಣಳತೆಯಲ್ಲಿರುವ ವೃತ್ತಿ ಬೇರೆ ಯಾವುದಿದೆ?

ಆದರೆ 2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಈ ಕಣ್ಣು ಇದ್ದಕ್ಕಿದ್ದಂತೆ ಕುರುಡಾಯಿತು. ಇಂಗ್ಲೆಂಡಿನ ಕೌನ್ಸಿಲ್‌ಗಳ ಮೂಲಕ ಸಣ್ಣ ವ್ಯಾಪಾರಿಗಳಿಗೆ ತಲಾ 10,000 ಪೌಂಡ್ ಅನುದಾನ ಕೊಡುವುದೆಂದು ಸರಕಾರ ಘೋಷಿಸಿತು. ಅದರ ಅಳತೆಗೋಲು ಕಟ್ಟಡವಾಗಿತ್ತು. ಅಂಗಡಿಗೆ, ಕಚೇರಿಗೆ ಕಟ್ಟಡ ತೆರಿಗೆಯ ದಾಖಲೆಯಲ್ಲಿ ಸ್ಥಾನವಿದ್ದವನಿಗೆ ಹಣ; ನಾಲ್ಕು ಚಕ್ರಗಳೇ ಅಂಗಡಿಯಾಗಿರುವವನಿಗೆ ಇಲ್ಲ. ಈ ಯೋಜನೆಯಿಂದ ಹೊರಗುಳಿದವರಿಗೆಂದು ಅದೇ ವರ್ಷದ ಮೇ ತಿಂಗಳಲ್ಲಿ 61.7 ಕೋಟಿ ಪೌಂಡ್‌ಗಳ ಮತ್ತೊಂದು ನಿಧಿ ಬಂತು. ಅದನ್ನು ಹಂಚುವ ವಿವೇಚನೆಯನ್ನು ಕೌನ್ಸಿಲ್‌ಗಳಿಗೇ ಬಿಡಲಾಯಿತು. ಆದರೆ ಅಲ್ಲಿಯೂ ಜಾಗದ ಬಾಡಿಗೆಯಂತಹ ಸ್ಥಿರ ಖರ್ಚಿರುವವರಿಗೆಂದೇ ಮಾರ್ಗಸೂಚಿ ಇತ್ತು. ವಾಹನದ ಕಂತು, ವಿಮೆ, ಪರವಾನಿಗೆ ಶುಲ್ಕ, ಬುಕಿಂಗ್ ಕಚೇರಿಗೆ ವಾರವಾರ ಕಟ್ಟುವ ಬಾಡಿಗೆ, ಇವು ಖರ್ಚುಗಳಲ್ಲವೇ? ಗೋಡೆಯಿಲ್ಲದವನಿಗೆ ವ್ಯಾಪಾರವೇ ಇಲ್ಲವೆಂಬುದು ಯಾವ ಅರ್ಥಶಾಸ್ತ್ರ?

ಸ್ವಯಂ ಉದ್ಯೋಗಿಗಳಿಗೆ ಪ್ರತ್ಯೇಕ ಯೋಜನೆಯೊಂದಿತ್ತಲ್ಲ ಎಂದು ಕೆಲವರು ಹೇಳಬಹುದು. ಹೌದು, ಇತ್ತು. ಹಿಂದಿನ ವರ್ಷಗಳ ಸರಾಸರಿ ಲಾಭದ ಶೇ. 80ರಷ್ಟನ್ನು, ಮೂರು ತಿಂಗಳಿಗೆ 7,500 ಪೌಂಡ್ ಮೀರದಂತೆ ಕೊಡುವ ವ್ಯವಸ್ಥೆ ಅದು. ಅನೇಕ ಮನೆಗಳನ್ನು ಅದು ಕಾಪಾಡಿತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2019ರ ಎಪ್ರಿಲ್ ನಂತರ ವೃತ್ತಿಗಿಳಿದವನಿಗೆ ಮೊದಲ ಮೂರು ಕಂತುಗಳಲ್ಲಿ ಒಂದು ಪೆನ್ನಿಯೂ ಸಿಗಲಿಲ್ಲ. ನಾಲ್ಕನೆಯ ಕಂತಿನಲ್ಲಿ ಅವನಿಗೆ ಬಾಗಿಲು ತೆರೆಯುವಷ್ಟರಲ್ಲಿ 2021 ಬಂದಿತ್ತು. ಹೊಸದಾಗಿ ಕಾರು ಕೊಂಡು, ಹೊಸದಾಗಿ ಸಾಲ ಹೊತ್ತು ರಸ್ತೆಗಿಳಿದವನೇ ಎಲ್ಲರಿಗಿಂತ ಹೆಚ್ಚು ಕಷ್ಟದಲ್ಲಿದ್ದ. ಅವನನ್ನೇ ಯೋಜನೆ ಹೊರಗಿಟ್ಟಿತು.

ಹಾಗೆ ಹೊರಗುಳಿದವನ ಮುಂದೆ ಸರಕಾರ ಇಟ್ಟದ್ದು ಸಾಲದ ಪತ್ರವನ್ನು. 2020ರ ಮೇ ತಿಂಗಳಲ್ಲಿ ಆರಂಭವಾದ ಆ ಯೋಜನೆಯಡಿ 50,000 ಪೌಂಡ್‌ಗಳವರೆಗೆ ಸಾಲ ದೊರೆಯುತ್ತಿತ್ತು. ಮೊದಲ ವರ್ಷದ ಬಡ್ಡಿ ಸರಕಾರದ್ದು, ನಂತರ ಶೇ. 2.5ರ ಬಡ್ಡಿ ಸಾಲಗಾರನದ್ದು. ಬಡ್ಡಿಯಿಂದ ದೂರವಿರಬೇಕೆಂದು ನಂಬಿದ ಚಾಲಕನ ಪಾಲಿಗೆ ಇದು ಸಹಾಯವೋ ಸಂಕಟವೋ? ಮಕ್ಕಳ ಹಸಿವು ಒಂದು ಕಡೆ, ಆತ್ಮಸಾಕ್ಷಿ ಇನ್ನೊಂದು ಕಡೆ. ಬಡ್ಡಿರಹಿತ ಪರ್ಯಾಯವನ್ನು ಕೊಡಬೇಕೆಂದು ಅಲ್ಲಿನ ಮುಸ್ಲಿಮರು ಕೇಳಿಕೊಂಡರು. ಆದರೆ ಸಂಕಟ ಮುಸ್ಲಿಮನೊಬ್ಬನದೇ ಅಲ್ಲ. ಆದಾಯವೇ ನಿಂತವನಿಗೆ ಸಾಲ ಕೊಟ್ಟು ಅದನ್ನು ನೆರವು ಎನ್ನುವುದು ಮುಳುಗುವವನ ಕೈಗೆ ಕಲ್ಲು ಕೊಟ್ಟಂತೆ. ಅನುದಾನ ಮತ್ತು ಸಾಲದ ನಡುವಿನ ಅಂತರ ಕಾಗದದ ಮೇಲಿನದಲ್ಲ, ಅದು ಚಾಲಕನ ಮುಂದಿನ ಐದಾರು ವರ್ಷಗಳ ಬದುಕಿನದು.

2020ರ ನವೆಂಬರ್ ಹೊತ್ತಿಗೆ ಇನ್ನೊಂದು ನಿಧಿ ಬಂತು. ಜನಸಂಖ್ಯೆಯ ಆಧಾರದಲ್ಲಿ ತಲೆಗೆ 20 ಪೌಂಡ್‌ನಂತೆ ಒಟ್ಟು 110 ಕೋಟಿ ಪೌಂಡ್‌ಗಳನ್ನು ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ಹಂಚಿ, ಯಾರಿಗೆ ಎಷ್ಟು ಎಂಬುದನ್ನು ಅವುಗಳ ವಿವೇಚನೆಗೆ ಬಿಡಲಾಯಿತು. ಟ್ಯಾಕ್ಸಿ ಚಾಲಕರಿಗೆ ಕೌನ್ಸಿಲ್‌ಗಳಿಂದ ಅನುದಾನ ಸಿಕ್ಕಿದ್ದು ಬಹುಮಟ್ಟಿಗೆ ಈ ಹಣದಿಂದ. ಆದರೆ ವಿವೇಚನೆಯೆಂಬ ಪದದ ಅರ್ಥ ಊರಿಂದೂರಿಗೆ ಬದಲಾಯಿತು. ಒಂದು ಕೌನ್ಸಿಲ್ ತನ್ನ ಚಾಲಕರಿಗೆ ಕೆಲವು ನೂರು ಪೌಂಡ್ ಕೊಟ್ಟರೆ ಪಕ್ಕದ್ದು ಹೆಚ್ಚು ಕೊಟ್ಟಿತು, ಮತ್ತೊಂದು ಬಹಳ ತಡವಾಗಿ ಕೊಟ್ಟಿತು. ಅದೇ ವೃತ್ತಿ, ಅದೇ ನಷ್ಟ. ರಸ್ತೆಯ ಈ ಬದಿಯವನಿಗೊಂದು ನ್ಯಾಯ, ಆ ಬದಿಯವನಿಗೊಂದು.

ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಗೋಜಲಿತ್ತು. ಅಲ್ಲಿನ ಕಾನೂನಿನ ಪ್ರಕಾರ ಒಂದು ಕೌನ್ಸಿಲ್‌ನಿಂದ ಪರವಾನಿಗೆ ಪಡೆದ ಬಾಡಿಗೆ ಕಾರಿನ ಚಾಲಕ ಬೇರೆ ನಗರದಲ್ಲಿಯೂ ದುಡಿಯಬಹುದು. ವಾಲ್ವರ್‌ಹ್ಯಾಂಪ್ಟನ್ ಕೌನ್ಸಿಲ್‌ನ ಪರವಾನಿಗೆ ಫಲಕ ಹೊತ್ತು ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್ ಬೀದಿಗಳಲ್ಲಿ ಓಡುವ ಕಾರುಗಳು ಸಾವಿರಾರು. ಪರಿಹಾರ ಹಂಚುವಾಗ ಹಲವು ಕೌನ್ಸಿಲ್‌ಗಳು, 'ಪರವಾನಿಗೆ ನಮ್ಮದಾಗಿರಬೇಕು, ವಾಸವೂ ನಮ್ಮಲ್ಲೇ ಆಗಿರಬೇಕು' ಎಂಬ ಷರತ್ತು ಹಾಕಿದವು. ಪರವಾನಿಗೆ ಒಂದೂರಿನದು, ಮನೆ ಇನ್ನೊಂದೂರಿನದು ಆಗಿದ್ದವನು ಎರಡೂ ಕಡೆ ಪರಕೀಯನಾದ. ಶುಲ್ಕ ವಸೂಲಿಗೆ ಅಡ್ಡಬಾರದ ಗಡಿ ಪರಿಹಾರ ಕೊಡುವಾಗ ಗೋಡೆಯಾಗಿ ನಿಂತಿತು.

ಈ ಚಾಲಕರು ಮನೆಯಲ್ಲಿ ಸುರಕ್ಷಿತವಾಗಿ ಕುಳಿತಿದ್ದವರೂ ಅಲ್ಲ. ಆಸ್ಪತ್ರೆಗೆ ದಾದಿಯರನ್ನು, ರೋಗಿಗಳನ್ನು, ವೃದ್ಧರ ಮನೆಗೆ ದಿನಸಿಯನ್ನು ಒಯ್ದವರಲ್ಲಿ ಅವರೂ ಇದ್ದರು. 2021ರ ಜನವರಿಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಪ್ರಕಟಿಸಿದ ವರದಿಯ ಪ್ರಕಾರ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನ ಪುರುಷರಲ್ಲಿ ಕೊರೋನಾದಿಂದ ಸತ್ತವರ ಪ್ರಮಾಣ ಲಕ್ಷಕ್ಕೆ 31.4 ಇದ್ದರೆ, ಟ್ಯಾಕ್ಸಿ ಮತ್ತು ಕಾರು ಚಾಲಕರಲ್ಲಿ ಅದು 101.4. ಅಂದರೆ ಮೂರು ಪಟ್ಟಿಗೂ ಮಿಗಿಲು. 2020ರ ಡಿಸೆಂಬರ್ ಅಂತ್ಯದೊಳಗೆ 209 ಚಾಲಕರು ಪ್ರಾಣ ತೆತ್ತಿದ್ದರು. ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟುವಾಗ ಈ ಮಂದಿ ಯಾರ ನೆನಪಿಗೂ ಬರಲಿಲ್ಲ.

ಹಾಗಾದರೆ ಬೇರೆ ದಾರಿ ಇರಲಿಲ್ಲವೇ? ಇತ್ತು. ಅದನ್ನು ಅದೇ ಬ್ರಿಟನ್ನಿನ ಸ್ಕಾಟ್ಲೆಂಡ್ ತೋರಿಸಿಕೊಟ್ಟಿತು. 2021ರ ಆರಂಭದಲ್ಲಿ ಅಲ್ಲಿನ ಸರಕಾರ ಟ್ಯಾಕ್ಸಿ ಮತ್ತು ಬಾಡಿಗೆ ಕಾರಿನ ಚಾಲಕರಿಗೆ ತಲಾ 1,500 ಪೌಂಡ್ ಅನುದಾನವನ್ನು ಕೌನ್ಸಿಲ್‌ಗಳ ಮೂಲಕ ಕೊಟ್ಟಿತು. ಚಾಲಕರು ಅರ್ಜಿ ಹಿಡಿದು ಅಲೆಯಬೇಕಾಗಿರಲಿಲ್ಲ. ಕೌನ್ಸಿಲ್‌ಗಳೇ ತಮ್ಮ ಪರವಾನಿಗೆ ಪಟ್ಟಿಯನ್ನು ತೆರೆದು, ಅದರಲ್ಲಿ ಹೆಸರಿದ್ದವರನ್ನು ತಾವಾಗಿ ಸಂಪರ್ಕಿಸಿ, ಬ್ಯಾಂಕ್ ಖಾತೆಯ ವಿವರ ಕೇಳಿದವು. ಮೊತ್ತ ದೊಡ್ಡದೇನಲ್ಲ, ಬಂದದ್ದೂ ತಡವಾಗಿ. ಆದರೆ ವಿಧಾನ ಸರಿಯಿತ್ತು. ನಿನ್ನ ಹೆಸರು ನಮ್ಮ ಪುಸ್ತಕದಲ್ಲಿದೆ, ನೀನು ಚಾಲಕನೆಂದು ನಮಗೆ ಗೊತ್ತು ಎಂದು ಆಡಳಿತವೇ ಮೊದಲು ಹೇಳಿತು. ನಾವು ಈ ಲೇಖನದಲ್ಲಿ ಹೇಳಬಯಸುವುದರ ಸಾರವೂ ಇದೇ. ಪರವಾನಿಗೆ ಕೊಟ್ಟವನಿಗೆ ಗುರುತು ಕೇಳುವ ಹಕ್ಕಿಲ್ಲ, ಗುರುತಿಸುವ ಹೊಣೆಯಿದೆ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. 2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಘೋಷಿಸಿದರು. ಅದರಲ್ಲಿ 7.75 ಲಕ್ಷ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ 5,000 ರೂಪಾಯಿ ಕೊಡುವ ಮಾತಿತ್ತು. ಮರುವರ್ಷ ಎರಡನೆಯ ಅಲೆ ಬಂದಾಗ, 2021ರ ಮೇ ತಿಂಗಳಲ್ಲಿ ಘೋಷಣೆಯಾದದ್ದು ತಲಾ 3,000 ರೂಪಾಯಿ. ಫಲಾನುಭವಿಗಳ ಸಂಖ್ಯೆ 2.10 ಲಕ್ಷ, ಒಟ್ಟು ವೆಚ್ಚ 63 ಕೋಟಿ. ಓದುಗರು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲ ವರ್ಷ 7.75 ಲಕ್ಷವಿದ್ದ ಚಾಲಕರು ಮರುವರ್ಷ 2.10 ಲಕ್ಷಕ್ಕೆ ಇಳಿದದ್ದು ಹೇಗೆ? ಉಳಿದ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಎಲ್ಲಿಗೆ ಹೋದರು? ಅವರು ರಾಜ್ಯ ಬಿಟ್ಟು ಓಡಿಹೋದರೇ? ವೃತ್ತಿಯನ್ನು ತ್ಯಜಿಸಿದರೇ? ಇಲ್ಲ. ಮೊದಲ ಅಂಕಿ ಪತ್ರಿಕಾಗೋಷ್ಠಿಗೆಂದು ಸಿದ್ಧವಾದದ್ದು, ಎರಡನೆಯದು ಅರ್ಜಿಯ ಜರಡಿಯಲ್ಲಿ ಸೋಸಿ ಉಳಿದದ್ದು. ಘೋಷಣೆ ಮತ್ತು ವಿತರಣೆಯ ನಡುವೆ ಕಳೆದುಹೋದವರ ಹೆಸರೇ ನಮ್ಮ ಊರಿನ ಚಾಲಕರು.

ಆ ಜರಡಿಯ ಕಣ್ಣುಗಳನ್ನು ನೋಡಿರಿ. ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಲಾಕ್‌ಡೌನ್‌ನಲ್ಲಿ ಸೈಬರ್ ಸೆಂಟರ್‌ಗಳೂ ಮುಚ್ಚಿದ್ದ ದಿನಗಳವು. ಚಾಲನಾ ಪರವಾನಿಗೆ, ಬ್ಯಾಡ್ಜ್ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ, ಆಧಾರ್, ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆ, ಎಲ್ಲವೂ ಬೇಕು. ಬ್ಯಾಡ್ಜಿನ ಕಥೆಯಂತೂ ಸೋಜಿಗದ್ದು. ಲಘು ವಾಹನದ ಪರವಾನಿಗೆ ಇದ್ದವನಿಗೆ ಅದೇ ವರ್ಗದ ಸಾರಿಗೆ ವಾಹನ ಓಡಿಸಲು ಪ್ರತ್ಯೇಕ ಅನುಮತಿ ಬೇಕಿಲ್ಲವೆಂದು ಸುಪ್ರೀಮ್ ಕೋರ್ಟ್ 2017ರಲ್ಲಿ ತೀರ್ಪಿತ್ತಿತು, 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಅದನ್ನೇ ತಿಳಿಸಿತು. ಒಂದು ಕೈಯಿಂದ ಬ್ಯಾಡ್ಜ್ ಬೇಡವೆಂದವರೇ ಇನ್ನೊಂದು ಕೈಯಿಂದ, 'ಎಲ್ಲಿ ನಿನ್ನ ಬ್ಯಾಡ್ಜ್?' ಎಂದು ಕೇಳಿದರೆ ಹೊಸ ಚಾಲಕ ಏನು ಮಾಡಬೇಕು?

ಇದರ ಜೊತೆಗೆ ಹೆಸರಿನ ಸಮಸ್ಯೆ. ಇದು ನಮ್ಮ ಓದುಗರಿಗೆ ವಿವರಿಸಬೇಕಾದ ವಿಷಯವಲ್ಲ. ಒಬ್ಬನೇ ವ್ಯಕ್ತಿ ಆಧಾರ್‌ನಲ್ಲಿ ಮುಹಮ್ಮದ್, ಲೈಸೆನ್ಸ್‌ನಲ್ಲಿ ಮೊಹಮ್ಮದ್, ಬ್ಯಾಂಕಿನಲ್ಲಿ ಬರೀ ಎಂ.ಡಿ. ಬರೆದವನು ಯಾವುದೋ ಗುಮಾಸ್ತ, ಶಿಕ್ಷೆ ಅನುಭವಿಸುವವನು ಚಾಲಕ. ಸಾರಿಗೆ ಕಚೇರಿಯ ಪಟ್ಟಿಯನ್ನೇ ನೇರವಾಗಿ ಬಳಸಿದ್ದರೆ ಈ ಅಕ್ಷರಗಳ ಜಗಳವೇ ಹುಟ್ಟುತ್ತಿರಲಿಲ್ಲ.

ಬಾಡಿಗೆ ವಾಹನ ಓಡಿಸುವವನ ಪಾಡು ಇನ್ನೂ ಕನಿಷ್ಠ. ನೆರೆಯ ಆಂಧ್ರಪ್ರದೇಶದಲ್ಲಿ 2019ರಲ್ಲಿ ವಾಹನ ಮಿತ್ರ ಎಂಬ ಯೋಜನೆ ಆರಂಭವಾಗಿ ಆಟೋ, ಟ್ಯಾಕ್ಸಿ ಚಾಲಕರಿಗೆ ವರ್ಷಕ್ಕೆ 10,000 ರೂಪಾಯಿ ದೊರೆಯಿತು. ಸರಕಾರ ಬದಲಾದ ನಂತರ 2025ರಲ್ಲಿ ಹೊಸ ಹೆಸರಿನಲ್ಲಿ 15,000 ರೂಪಾಯಿ ಕೊಡಲಾಯಿತು. ಆಪತ್ತಿಗಾಗಿ ಕಾಯದೆ ವಿಮೆ, ದುರಸ್ತಿಯ ಖರ್ಚಿಗೆಂದು ಕೊಡುವ ಈ ಕ್ರಮ ಶ್ಲಾಘನೀಯವೇ. ಆದರೆ ಅದೂ ಸ್ವಂತ ವಾಹನ ಇರುವವನಿಗೆ. ಮಾಲಕನಿಗೆ ದಿನದ ಬಾಡಿಗೆ ತೆತ್ತು, ಡೀಸೆಲ್ ಹಾಕಿಸಿ, ಉಳಿದದ್ದನ್ನು ಮನೆಗೆ ಒಯ್ಯುವವನು ಅಲ್ಲಿಯೂ ಲೆಕ್ಕಕ್ಕಿಲ್ಲ. ವಾಹನ ಹಸಿಯುವುದಿಲ್ಲ, ಚಾಲಕ ಹಸಿಯುತ್ತಾನೆ. ಪರಿಹಾರ ವಾಹನಕ್ಕಲ್ಲ, ಅದನ್ನು ಓಡಿಸುವ ಮನುಷ್ಯನಿಗೆ ಸಲ್ಲಬೇಕೆಂಬ ಸರಳ ಸತ್ಯ ಅಧಿಕಾರಸ್ಥರಿಗೆ ಅರ್ಥವಾಗದಿರುವುದು ಅಚ್ಚರಿ.

'ಚಾಲಕರಿಗೇ ಏಕೆ ಈ ವಿಶೇಷ? ದರ್ಜಿಗಳಿಲ್ಲವೇ, ಕೂಲಿಗಳಿಲ್ಲವೇ?' ಎಂದು ಕೇಳುವವರಿದ್ದಾರೆ. ಅವರಿಗೂ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಾಲಕನ ವಿಷಯದಲ್ಲಿ ಇನ್ನೊಂದು ನ್ಯಾಯವಿದೆ. ಆಟೋ ದರವನ್ನು ನಿಗದಿಪಡಿಸುವವನು ಚಾಲಕನಲ್ಲ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಇಂಧನದ ಬೆಲೆ ಏರಿದ ದಿನವೇ ಅಕ್ಕಿಯ ವ್ಯಾಪಾರಿ ಬೆಲೆ ಏರಿಸಬಲ್ಲ. ಚಾಲಕ ಒಂದು ರೂಪಾಯಿ ಹೆಚ್ಚು ಕೇಳಿದರೆ ಅದು ಅಪರಾಧ. ಪ್ರಯಾಣಿಕರ ಹಿತಕ್ಕಾಗಿ ಈ ನಿಯಂತ್ರಣ ಇರಲಿ. ಆದರೆ ಒಳ್ಳೆಯ ದಿನಗಳಲ್ಲಿ ಅವನ ಗಳಿಕೆಗೆ ಮಿತಿ ಹಾಕಿದ ಆಡಳಿತ, ಕೆಟ್ಟ ದಿನಗಳಲ್ಲಿ ಅವನ ನಷ್ಟಕ್ಕೂ ಹೆಗಲು ಕೊಡಬೇಕಲ್ಲವೇ? ತೆರಿಗೆ, ಶುಲ್ಕ, ದಂಡ, ದರ ನಿಯಂತ್ರಣ ಎಲ್ಲವೂ ಕಾನೂನು. ಪರಿಹಾರ ಮಾತ್ರ ದಯೆ ಎಂದರೆ ಅದು ನ್ಯಾಯವಲ್ಲ. ಆದ್ದರಿಂದಲೇ ನಾವು ಅನುದಾನವನ್ನು ಹಕ್ಕು ಎನ್ನುತ್ತೇವೆ.

ಸಾರ್ವಜನಿಕ ಹಣ ದುರುಪಯೋಗವಾಗಬಾರದು, ಆದ್ದರಿಂದ ದಾಖಲೆ ಬೇಕು ಎಂಬುದು ಮತ್ತೊಂದು ವಾದ. ದಾಖಲೆ ಬೇಡವೆಂದು ನಾವು ಹೇಳುತ್ತಿಲ್ಲ. ನಿಮ್ಮಲ್ಲೇ ಇರುವ ದಾಖಲೆಯನ್ನು ನಮ್ಮಿಂದ ಕೇಳಬೇಡಿರಿ ಎನ್ನುತ್ತಿದ್ದೇವೆ. ವಂಚನೆಯ ಭಯ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ಮೇಲೆ ಹೇಳಿದ ಸಾಲ ಯೋಜನೆಯಡಿ ಬ್ಯಾಂಕುಗಳು ಹೆಚ್ಚಿನ ಪರಿಶೀಲನೆಯಿಲ್ಲದೆ ಸುಮಾರು 4,700 ಕೋಟಿ ಪೌಂಡ್ ಹಂಚಿದವು. ಅದರಲ್ಲಿ ನೂರಾರು ಕೋಟಿ ವಂಚಕರ ಪಾಲಾಯಿತೆಂದು ಆ ಸರಕಾರದ ಅಂದಾಜೇ ಹೇಳಿತು. ಅಲ್ಲಿ ಸಡಿಲವಾಗಿದ್ದ ಕೈ, ಕೆಲವು ನೂರು ಪೌಂಡ್ ಕೇಳಿದ ಟ್ಯಾಕ್ಸಿಯವನೆದುರು ಮಾತ್ರ ಬಿಗಿಯಾಯಿತು. ನಮ್ಮಲ್ಲಿಯೂ ಕೋಟಿಗಟ್ಟಲೆ ಸಾಲ ಮುಳುಗಿಸಿದವರು ವಿದೇಶಕ್ಕೆ ಹಾರುತ್ತಾರೆ, ಮೂರು ಸಾವಿರ ರೂಪಾಯಿಗೆ ಕೈಯೊಡ್ಡಿದವನು ಮೂರು ಕಚೇರಿ ಸುತ್ತುತ್ತಾನೆ.

ಕಂತಿನ ವಿಷಯವನ್ನೂ ಇಲ್ಲಿ ಮರೆಯುವಂತಿಲ್ಲ. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತು. ಆದರೆ ಮುಂದೂಡಿದ ತಿಂಗಳುಗಳ ಬಡ್ಡಿ ನಿಲ್ಲಲಿಲ್ಲ. ಬಡ್ಡಿಯ ಮೇಲೆ ಬಡ್ಡಿ ಹಾಕಬಾರದೆಂದು ಹೇಳಲು 2021ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟ್ ತೀರ್ಪು ಬರಬೇಕಾಯಿತು. ಖಾಸಗಿ ಲೇವಾದೇವಿಯವರಿಂದ ಕೈಸಾಲ ಪಡೆದವನಿಗೆ ಆ ನೆರಳೂ ಇರಲಿಲ್ಲ. ಕೈಗೆ ಬಂದ ಅನುದಾನ ಕೂಡ ಎಷ್ಟೋ ಮನೆಗಳಲ್ಲಿ ಅಕ್ಕಿಯ ಡಬ್ಬಿಗೆ ಬೀಳುವ ಮೊದಲು ಫೈನಾನ್ಸ್‌ನವನ ಚೀಲಕ್ಕೆ ಬಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಮುದಾಯದ ಕಡೆಗೂ ಬೆರಳು ತೋರಿಸದಿದ್ದರೆ ಅದು ಪ್ರಾಮಾಣಿಕತೆಯಾಗದು. ಪ್ರತಿಯೊಂದು ಮೊಹಲ್ಲಾದಲ್ಲಿ ಮಸೀದಿ ಇದೆ, ಆಡಳಿತ ಸಮಿತಿ ಇದೆ. ಮಿನಾರದ ಎತ್ತರದ ಬಗ್ಗೆ ನಡೆಯುವಷ್ಟು ಚರ್ಚೆ, ನಮ್ಮ ಜಮಾಅತ್‌ನಲ್ಲಿ ಎಷ್ಟು ಚಾಲಕರಿದ್ದಾರೆ, ಯಾರ ಲೈಸೆನ್ಸ್ ನವೀಕರಣವಾಗಿಲ್ಲ, ಯಾರ ವಿಮೆ ಮುಗಿದಿದೆ ಎಂಬುದರ ಬಗ್ಗೆ ನಡೆದಿದೆಯೇ? ಶುಕ್ರವಾರದ ನಮಾಝ್‌ನ ನಂತರ ಒಂದು ಗಂಟೆ ಓದಿದ ಯುವಕರಿಬ್ಬರು ಲ್ಯಾಪ್‌ಟಾಪ್ ಹಿಡಿದು ಕುಳಿತರೆ ಹೆಸರಿನ ತಿದ್ದುಪಡಿ, ಖಾತೆಯ ಜೋಡಣೆ ಎಲ್ಲವೂ ಮಧ್ಯವರ್ತಿಗೆ ಒಂದು ರೂಪಾಯಿ ಕೊಡದೆ ಆಗುತ್ತದೆ. ಝಕಾತ್‌ನ ಒಂದು ಪಾಲನ್ನು ಸಾಲದಲ್ಲಿ ಮುಳುಗಿದವರಿಗೆ ನೀಡಬೇಕೆಂಬುದು ನಮಗೆ ಹೊಸ ವಿಷಯವಲ್ಲ. ವಿಮೆ ಕಟ್ಟಲು ಬಡ್ಡಿಗೆ ಕೈಚಾಚುವ ಚಾಲಕನಿಗೆ ಬಡ್ಡಿರಹಿತ ಸಾಲ ಕೊಡುವ ಸಣ್ಣ ನಿಧಿಯೊಂದು ಪ್ರತಿ ಜಮಾಅತ್‌ನಲ್ಲಿ ಏಕಿರಬಾರದು?

ಇನ್ನೊಂದು ಕಹಿ ಮಾತು. ವಾಹನ ಮಾರಿ ವರ್ಷಗಳಾದವನು ಹಳೆಯ ದಾಖಲೆ ಹಿಡಿದು, ವಿದೇಶದಲ್ಲಿರುವ ಅಣ್ಣನ ಲೈಸೆನ್ಸ್ ಹಿಡಿದು ಪರಿಹಾರಕ್ಕೆ ಅರ್ಜಿ ಹಾಕುವುದು ಜಾಣತನವಲ್ಲ. ಅದು ರಸ್ತೆಯಲ್ಲಿ ಬೆವರು ಸುರಿಸುವ ಇನ್ನೊಬ್ಬ ಚಾಲಕನ ತಟ್ಟೆಯಿಂದ ಅನ್ನ ಕದಿಯುವುದು. ಒಬ್ಬನ ಸುಳ್ಳು ಅರ್ಜಿ ನೂರು ಮಂದಿಯ ನಿಜವಾದ ಅರ್ಜಿಯನ್ನು ಸಂಶಯಕ್ಕೆ ಗುರಿಮಾಡುತ್ತದೆ. ಹಕ್ಕು ಕೇಳುವ ನಾಲಿಗೆ ಮೊದಲು ಶುದ್ಧವಾಗಿರಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮುಂದಿನ ಆಪತ್ತಿಗೆ ಮೊದಲೇ ಸಾರಿಗೆ ಇಲಾಖೆ ತನ್ನ ಚಾಲಕರ ಪಟ್ಟಿಯನ್ನು ಸರಿಪಡಿಸಿ, ಬ್ಯಾಂಕ್ ಖಾತೆಯೊಂದಿಗೆ ಸಿದ್ಧವಾಗಿಡಲಿ. ಪರಿಹಾರ ಘೋಷಣೆಯಾದ ದಿನ ಆ ಪಟ್ಟಿಯಿಂದಲೇ ಹಣ ಹೋಗಲಿ. ಅರ್ಜಿ ಬೇಕಾಗಿರುವುದು ಪಟ್ಟಿಯಿಂದ ಬಿಟ್ಟುಹೋದವರಿಗೆ ಮಾತ್ರ. ಲೆಕ್ಕ ವಾಹನಕ್ಕೊಂದರಂತಲ್ಲ, ಚಾಲಕನಿಗೊಂದರಂತೆ ಇರಲಿ. ನೆರವು ಸಾಲದ ರೂಪದಲ್ಲಲ್ಲ, ಅನುದಾನದ ರೂಪದಲ್ಲಿರಲಿ. ನಗರಸಭೆ, ಪುರಸಭೆಗಳಿಗೆ ಓಟು ಕೇಳಲು ಬರುವವರೊಡನೆ ನಮ್ಮ ಓದುಗರು ಈ ಮಾತನ್ನು ಎತ್ತಲಿ. ರಿಕ್ಷಾ ನಿಲ್ದಾಣಕ್ಕೆ ಜಾಗ ಕೊಡುವ ಸ್ಥಳೀಯ ಸಂಸ್ಥೆಗೆ ಅಲ್ಲಿ ನಿಲ್ಲುವವರ ಹೆಸರು ತಿಳಿದಿರಬೇಕಾದುದು ಕನಿಷ್ಠ ಹೊಣೆ.

ಸಂಚಾರ ನಿಯಮ ಮುರಿದ ಚಾಲಕನ ಮನೆಗೆ ದಂಡದ ನೋಟೀಸು ಯಾವ ಅರ್ಜಿಯೂ ಇಲ್ಲದೆ, ಹೆಸರಿನ ಒಂದಕ್ಷರವೂ ತಪ್ಪದೆ, ನೇರವಾಗಿ ತಲುಪುತ್ತದೆ. ದಂಡಕ್ಕೆ ಸಿಗುವ ವಿಳಾಸ ಪರಿಹಾರಕ್ಕೆ ಏಕೆ ಸಿಗುವುದಿಲ್ಲ? ಆಳುವವರು ಉತ್ತರಿಸಬೇಕು.